ಒಳಗೊಂದಿಷ್ಟು ಬಟ್ಟೆ ಬಿಡಿ

ನಮ್ಮ ಕಡೆ ಮದುವೆ ಮನೆಗಳಲ್ಲಿ ಏಳೆಂಟು ವರ್ಷದ ಮೇಲೆ ಸಿಕ್ಕ ನೆಂಟರು "ಹೇಗಿದ್ದೀಯಾ" ಅಂತ ಕೇಳುವುದು ಕಡಿಮೆ. "ಅಯ್ಯೋ, ಎಷ್ಟು ದಪ್ಪ ಆಗಿಬಿಟ್ಟಿದ್ದೀಯೇ!" ಅನ್ನುತ್ತಾರೆ, ಇಲ್ಲವೇ "ಏನೇ ಹೀಗೆ ಸೊರಗಿದ್ದೀಯ, ಹುಷಾರಿಲ್ವಾ?" ಅನ್ನುತ್ತಾರೆ. ಸರಿಯಾಗಿದ್ದೀಯ ಅನ್ನುವ ಮೂರನೇ ಉತ್ತರ ಆ ಪ್ರಶ್ನೆಪತ್ರಿಕೆಯಲ್ಲೇ ಇಲ್ಲ. ನಲವತ್ತೈದು ದಾಟಿದ ಮೇಲೆ ಮಾತು ಮೆತ್ತಗಾಗುತ್ತದೆ. "ಬಿಡು, ವಯಸ್ಸಾಯ್ತಲ್ಲ, ಹೊಟ್ಟೆ ಬರೋದೇ" ಅನ್ನುತ್ತಾರೆ. ನಾವೂ ನಕ್ಕು, ಸೆರಗು ಸರಿ ಮಾಡಿಕೊಂಡು ಊಟದ ಪಂಕ್ತಿಗೆ ಹೋಗುತ್ತೇವೆ. ಮೊದಲಿನ ಮಾತು ಚುಚ್ಚುತ್ತದೆ, ಎರಡನೆಯದು ತಟ್ಟಿ ಮಲಗಿಸುತ್ತದೆ. ನನಗೆ ಈಗೀಗ ಹೆಚ್ಚು ಭಯವಾಗುವುದು ಎರಡನೆಯದನ್ನು ಕೇಳಿದಾಗ. ಯಾಕೆ ಅಂತ ಹೇಳುವುದಕ್ಕೆ ಅಹಮದಾಬಾದ್, ಸೂರತ್, ವಡೋದರ ಮೂರೂ ಊರು ಒಂದು ಸುತ್ತು ಹಾಕಬೇಕು. ಜೊತೆಗೆ ಬನ್ನಿ.

ನಾನು ದಾವಣಗೆರೆಯವಳು. ಸುರತ್ಕಲ್‌ನಲ್ಲಿ ಎಂ.ಟೆಕ್ ಮುಗಿಸಿ, ಬೆಂಗಳೂರಿನಲ್ಲಿ ಕೆಲವು ವರ್ಷ ಕೋಡ್ ಬರೆದು, ಗಂಡನ ಕೆಲಸದ ಜೊತೆ ಅಹಮದಾಬಾದಿಗೆ ಬಂದು ಹದಿನಾಲ್ಕು ವರ್ಷವಾಯಿತು. ಸುರತ್ಕಲ್ ಅಂದರೆ ಇಲ್ಲಿನವರಿಗೆ ಸೂರತ್ ಪಕ್ಕದ ಯಾವುದೋ ಊರು ಅನ್ನಿಸುತ್ತದೆ. ತಿದ್ದಿ ತಿದ್ದಿ ಸಾಕಾಗಿ ಈಗ ಬಿಟ್ಟಿದ್ದೇನೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು, ಅಹಮದಾಬಾದನ್ನು ಭಾರತದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಬಟ್ಟೆಯ ಊರಿನಿಂದ ಬಟ್ಟೆಯ ಊರಿಗೆ ಬಂದವಳಾದ್ದರಿಂದ ಮೈಯ ಕಥೆಯನ್ನು ಬಟ್ಟೆಯಿಂದಲೇ ಶುರು ಮಾಡುತ್ತೇನೆ.

ಗುಜರಾತಿನಲ್ಲಿ ವರ್ಷವಿಡೀ ಹೆಂಗಸಿಗೆ ವಯಸ್ಸಿಲ್ಲ. ತರಕಾರಿ ಗಾಡಿಯವನಿಗೆ ಇಪ್ಪತ್ತರ ಹುಡುಗಿಯೂ ಬೆನ್, ಎಂಬತ್ತರ ಅಜ್ಜಿಯೂ ಬೆನ್. ಹೊಟ್ಟೆಯ ಬಗ್ಗೆಯೂ ಅಂಥ ತಕರಾರಿಲ್ಲ. ಅನುಕೂಲಸ್ಥ ಮನೆತನವನ್ನು ಹೊಗಳುವಾಗಲೇ 'ಖಾಧೇ ಪೀಧೇ ಸುಖಿ' ಅನ್ನುವ ಜನ ಇವರು. ತಿಂದುಂಡು ಸುಖವಾಗಿರುವವರು ಅಂತ ಅರ್ಥ. ಆದರೆ ನವರಾತ್ರಿ ಹತ್ತಿರ ಬರುತ್ತಿದ್ದಂತೆ ಈ ಉದಾರತೆ ಎಲ್ಲಿ ಹೋಗುತ್ತದೋ. ಆಗಸ್ಟ್‌ನಿಂದಲೇ ಗರ್ಬಾ ಕ್ಲಾಸುಗಳು, ಜಿಮ್ಮಿನ ನವರಾತ್ರಿ ಆಫರ್‌ಗಳು ಶುರು. ಒಂಬತ್ತು ರಾತ್ರಿಗೆ ಒಂಬತ್ತು ಚಣಿಯಾ ಚೋಲಿ. ಲಾ ಗಾರ್ಡನ್ ಪಕ್ಕದ ಸಾಲು ಅಂಗಡಿಗಳಲ್ಲಿ ಕನ್ನಡಿ ಹಾಕಿ ಕಸೂತಿ ಮಾಡಿದ ಲಂಗಗಳು ರಾತ್ರಿ ದೀಪದಲ್ಲಿ ಮಿನುಗುತ್ತಿರುತ್ತವೆ. ಲಂಗಕ್ಕೇನೂ ಕಷ್ಟವಿಲ್ಲ, ಅದಕ್ಕೆ ಲಾಡಿ ಇದೆ, ಯಾರಿಗೂ ಆಗುತ್ತದೆ. ಕಷ್ಟ ಇರುವುದು ಚೋಲಿಯಲ್ಲಿ. ರೆಡಿಮೇಡ್ ಚೋಲಿಯ ಒಳಗೆ ಕಾಲಿಂಚು ಬಟ್ಟೆಯೂ ಬಿಟ್ಟಿರುವುದಿಲ್ಲ. ಆದರೆ ಆಯಿತು, ಆಗದಿದ್ದರೆ ಇಲ್ಲ. ಅಂಗಡಿಯ ಹುಡುಗ "ಬೆನ್, ಇದಕ್ಕಿಂತ ದೊಡ್ಡ ಸೈಜ್ ಇಲ್ಲ" ಅಂದಾಗ, ಅದೇನೋ ಪರೀಕ್ಷೆಯಲ್ಲಿ ಫೇಲಾದವರ ಹಾಗೆ ನಾವು ತಲೆತಗ್ಗಿಸಿ ಪಕ್ಕದ ಅಂಗಡಿಗೆ ಹೋಗುತ್ತೇವೆ.

ನಾನು ಹೊಲಿಸುವುದು ಮಣಿನಗರದ ಒಬ್ಬ ಹಳೆಯ ದರ್ಜಿಯ ಹತ್ತಿರ. ಎಪ್ಪತ್ತರ ಹತ್ತಿರದ ಕಾಕಾ. ಟೇಪು ಹಿಡಿದು ಅಳೆಯುತ್ತಾರೆ, ಬರೆದುಕೊಳ್ಳುತ್ತಾರೆ, ಕಳೆದ ವರ್ಷದ ಅಳತೆಯ ಜೊತೆ ಹೋಲಿಸಿ ಒಂದು ಮಾತೂ ಆಡುವುದಿಲ್ಲ. ಬ್ಲೌಸು ಕೈಗೆ ಕೊಡುವಾಗ ಮಾತ್ರ "ಬೆನ್, ಅಂದರ್ ಥೋಡು ಕಾಪಡ್ ರಾಖ್ಯು ಛೆ" ಅನ್ನುತ್ತಾರೆ. ಒಳಗೆ ಸ್ವಲ್ಪ ಬಟ್ಟೆ ಇಟ್ಟಿದ್ದೇನೆ ಅಂತ. ದಾವಣಗೆರೆಯ ನಮ್ಮ ಟೈಲರ್ ಕೂಡ ಇದನ್ನೇ ಹೇಳುತ್ತಿದ್ದರು, "ಮೂರು ಹೊಲಿಗೆ ಹಾಕಿದೀನಮ್ಮ, ಬೇಕಾದಾಗ ಒಂದೊಂದೇ ಬಿಚ್ಕೊಳ್ಳಿ." ಹೆಂಗಸಿನ ಮೈ ಒಂದೇ ಅಳತೆಯಲ್ಲಿ ನಿಲ್ಲುವುದಿಲ್ಲ ಅನ್ನುವುದು ದರ್ಜಿಗಳಿಗೆ ಗೊತ್ತು. ಬಸಿರು, ಬಾಣಂತನ, ಥೈರಾಯ್ಡ್, ಮುಟ್ಟು ನಿಲ್ಲುವ ಕಾಲ ಎಲ್ಲವೂ ಅವರ ಅಳತೆ ಪುಸ್ತಕದಲ್ಲಿ ಇಂಚುಗಳಾಗಿ ದಾಖಲಾಗಿರುತ್ತವೆ. ಅವರು ಅದನ್ನು ದೋಷ ಅಂದುಕೊಳ್ಳುವುದಿಲ್ಲ, ಮುಂಚೆಯೇ ಲೆಕ್ಕ ಹಾಕಿ ಬಟ್ಟೆ ಬಿಡುತ್ತಾರೆ.

ಹಾಗೆ ಬಟ್ಟೆ ಬಿಡದ ಲೋಕವೊಂದಿದೆ. ಅದು ಸಿನಿಮಾ ಮತ್ತು ಜಾಹೀರಾತಿನ ಲೋಕ. 1994ರಲ್ಲಿ ಸುಶ್ಮಿತಾ ಸೇನ್ ಮಿಸ್ ಯೂನಿವರ್ಸ್, ಐಶ್ವರ್ಯಾ ರೈ ಮಿಸ್ ವರ್ಲ್ಡ್ ಆದಾಗ ನಾನು ಹೈಸ್ಕೂಲಿನಲ್ಲಿದ್ದೆ. ಅಲ್ಲಿಯವರೆಗೆ ನಮ್ಮ ಬೀದಿಯಲ್ಲಿ ಚೆಂದ ಅಂದರೆ ಮುಖ, ಬಣ್ಣ, ಜಡೆ. ಆ ವರ್ಷದಿಂದ ಎತ್ತರ, ಸೊಂಟ, ಇಂಚು ಅಂತೆಲ್ಲ ಕೇಳತೊಡಗಿದೆವು. ಎರಡು ವರ್ಷದ ಮೇಲೆ, 1996ರ ನವೆಂಬರ್‌ನಲ್ಲಿ, ಮಿಸ್ ವರ್ಲ್ಡ್ ಸ್ಪರ್ಧೆ ಬೆಂಗಳೂರಿಗೇ ಬಂತು. ಮಹಿಳಾ ಸಂಘಟನೆಗಳು, ರೈತ ಸಂಘ, ಸಂಸ್ಕೃತಿಯ ಹೆಸರು ಹೇಳಿದವರು ಬೇರೆ ಬೇರೆ ಕಾರಣಕ್ಕೆ ವಿರೋಧಿಸಿದರು. ಈಜುಡುಗೆ ಸುತ್ತನ್ನು ಸೆಶೆಲ್ಸ್ ದ್ವೀಪಕ್ಕೆ ಒಯ್ದರು, ಉಳಿದದ್ದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆಯಿತು. ಹೆಣ್ಣಿನ ಮೈಯನ್ನು ಮಾರುಕಟ್ಟೆಯ ಸರಕು ಮಾಡುತ್ತಿದ್ದಾರೆ ಅಂತ ಮಹಿಳಾ ಸಂಘಟನೆಗಳು ಹೇಳಿದ ಮಾತು ನಮ್ಮ ಮನೆಯ ಪಡಸಾಲೆಯವರೆಗೆ ಬರಲೇ ಇಲ್ಲ. ಅಲ್ಲಿ ಚರ್ಚೆಯಾದದ್ದು ಬಟ್ಟೆ ಎಷ್ಟು ಚಿಕ್ಕದು ಅನ್ನುವುದಷ್ಟೇ. ಬಟ್ಟೆಯ ಒಳಗಿನ ಮೈಯನ್ನು ಯಾರು ಯಾವ ಟೇಪಿನಲ್ಲಿ ಅಳೆಯುತ್ತಿದ್ದಾರೆ ಅಂತ ಯಾರೂ ಕೇಳಲಿಲ್ಲ. ಆ ಟೇಪು ಮಾತ್ರ ಮೆಲ್ಲಗೆ ಎಲ್ಲರ ಮನೆಯೊಳಗೆ ಬಂತು.

ಕೊನೆಗೆ ಅದು ತನ್ನ ರಾಣಿಯನ್ನೂ ಬಿಡಲಿಲ್ಲ. ಐಶ್ವರ್ಯಾ ರೈ ಮಂಗಳೂರಿನಲ್ಲಿ ಹುಟ್ಟಿದವರು. ಸುರತ್ಕಲ್ ಹಾಸ್ಟೆಲಿನಲ್ಲಿ ನಮಗೆ ಅದೊಂದು ಹೆಮ್ಮೆ, ಮನೆ ಪಕ್ಕದ ಅಕ್ಕ ಗೆದ್ದಷ್ಟು. 2011ರ ನವೆಂಬರ್‌ನಲ್ಲಿ ಅವರಿಗೆ ಮಗಳು ಹುಟ್ಟಿದಳು. ಮುಂದಿನ ಮೇ ತಿಂಗಳ ಕಾನ್ ಚಿತ್ರೋತ್ಸವದ ಹೊತ್ತಿಗೆ ಮಗುವಿಗೆ ಆರು ತಿಂಗಳು, ತಾಯಿಗೆ 38 ವರ್ಷ. ತೂಕ ಇನ್ನೂ ಇಳಿದಿಲ್ಲ ಅಂತ ದೇಶವಿದೇಶದ ಪತ್ರಿಕೆಗಳಲ್ಲಿ ಚರ್ಚೆ ನಡೆಯಿತು. ಅಂತರ್ಜಾಲದಲ್ಲಿ ಹರಿದಾಡಿದ ಒಂದು ವಿಡಿಯೋದಲ್ಲಿ ಅವರ ಚಿತ್ರಗಳಿಗೆ ಆನೆ ಘೀಳಿಡುವ ಸದ್ದು ಸೇರಿಸಿದ್ದರು. ಲಕ್ಷಾಂತರ ಜನ ಅದನ್ನು ನೋಡಿದರು. ನಮ್ಮೂರಲ್ಲಿ ಆರು ತಿಂಗಳ ಬಾಣಂತಿಗೆ ಇನ್ನೂ ಕೊಬ್ಬರಿ, ಅಂಟಿನುಂಡೆ ಕೊಡುತ್ತಿರುತ್ತೇವೆ, ಮೈ ತುಂಬಿಕೊಂಡರೆ ಆರೈಕೆ ಚೆನ್ನಾಗಿದೆ ಅನ್ನುತ್ತೇವೆ. ಜಗತ್ತಿನ ಸುಂದರಿ ಅನ್ನಿಸಿಕೊಂಡವಳಿಗೇ ಆರು ತಿಂಗಳ ರಜೆ ಸಿಗಲಿಲ್ಲ ಅಂದಮೇಲೆ, ನಲವತ್ತೇಳರಲ್ಲಿ ಎರಡಿಂಚು ಹೆಚ್ಚಾದ ನಮಗೆ ಆ ಟೇಪಿನಿಂದ ಯಾವ ರಿಯಾಯಿತಿ ಸಿಕ್ಕೀತು?

ಗಂಡಸರಿಗೆ ಇಲ್ಲಿ ಬೇರೆಯೇ ಟೇಪು. ನಮ್ಮ ಚಿತ್ರಗಳಲ್ಲಿ ನಾಯಕ ಐವತ್ತೈದಾದರೂ ನಾಯಕನೇ. ಅವನ ಜೊತೆ ಮರ ಸುತ್ತಿದ ನಾಯಕಿ ಅಷ್ಟು ಹೊತ್ತಿಗೆ ಅತ್ತಿಗೆಯಾಗಿ, ತಾಯಿಯಾಗಿ, ಆಮೇಲೆ ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ಆಗಿರುತ್ತಾಳೆ.

ಹಾಗಾದರೆ ನಲವತ್ತೈದರ ಆಸುಪಾಸಿನಲ್ಲಿ ಮೈಯೊಳಗೆ ನಿಜವಾಗಿ ಆಗುವುದೇನು? ಇಂಜಿನಿಯರ್ ಬುದ್ಧಿ, ಕಾರಣ ಗೊತ್ತಾಗದಿದ್ದರೆ ನಿದ್ದೆ ಬರುವುದಿಲ್ಲ. ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47ರ ಸುಮಾರು. ಅದಕ್ಕೆ ಕೆಲವು ವರ್ಷ ಮೊದಲೇ ಈಸ್ಟ್ರೋಜೆನ್ ಏರಿಳಿಯುತ್ತಾ ಕಡಿಮೆಯಾಗುತ್ತದೆ. ಈ ಹಾರ್ಮೋನು ಜಾಸ್ತಿ ಇರುವವರೆಗೆ ಕೊಬ್ಬು ತೊಡೆ, ನಿತಂಬದ ಕಡೆ ಹೋಗಿ ಕೂರುತ್ತದೆ. ಅದು ಕಡಿಮೆಯಾದಾಗ ಅದೇ ಕೊಬ್ಬು ಹೊಟ್ಟೆಯ ಕಡೆ, ಅದರಲ್ಲೂ ಕರುಳು, ಲಿವರ್ ಸುತ್ತ ಸೇರತೊಡಗುತ್ತದೆ. ಜೊತೆಗೆ ಸ್ನಾಯು ಕರಗುತ್ತದೆ. ಹಾಗಾಗಿ ತೂಕದ ಮಿಷನ್ ಹಳೆಯ ಅಂಕಿಯನ್ನೇ ತೋರಿಸಿದರೂ ಲಂಗದ ಲಾಡಿಯ ಗಂಟು ಜಾಗ ಬದಲಿಸಿರುತ್ತದೆ. ನಡುವಯಸ್ಸಿಗೆ ಬಂದಕೂಡಲೇ ಮೈಯ ಇಂಜಿನ್ ನಿಧಾನವಾಗುತ್ತದೆ ಅನ್ನುವ ಮಾತೂ ಪೂರ್ತಿ ನಿಜವಲ್ಲ. 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 29 ದೇಶಗಳ 6,400ಕ್ಕೂ ಹೆಚ್ಚು ಜನರನ್ನು ಅಳೆದು, ಮೈಯ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 20ರಿಂದ 60 ವರ್ಷದವರೆಗೆ ಶಕ್ತಿಯ ಖರ್ಚು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ ಅಂತ ತೋರಿಸಿತು. ಬದಲಾಗುವುದು ಸ್ನಾಯು, ಹಾರ್ಮೋನು, ನಿದ್ದೆ, ಓಡಾಟ. ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಕುರ್ಚಿಯಲ್ಲಿ ಕೂತು ಅಮೆರಿಕದ ಕ್ಲೈಂಟ್ ಕಾಲ್ ಮುಗಿಸುವ ನಮ್ಮಂಥವರಿಗೆ ಕೊನೆಯದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಹೊಟ್ಟೆಯನ್ನು ಪೂರ್ತಿ ಮುದ್ದಿಸಿ ಬಿಡುವಂತೆಯೂ ಇಲ್ಲ. ನಮ್ಮ ಕಡೆಯ ಜನರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಬರುತ್ತವೆ. ಅದಕ್ಕೇ ಭಾರತೀಯ ಹೆಂಗಸರಿಗೆ ಸೊಂಟದ ಸುತ್ತಳತೆಯ ಎಚ್ಚರಿಕೆಯ ಗೆರೆ 80 ಸೆಂಟಿಮೀಟರ್, ಗಂಡಸರಿಗೆ 90. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿಸಿದರು. ಇಬ್ಬರ ಬಿಎಂಐ 22.3. ಆದರೆ ಮೈಯ ಕೊಬ್ಬು ಯಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ನೋಡುವುದಕ್ಕೆ ಇಬ್ಬರೂ ತೆಳ್ಳಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಇದೇ ಕಥೆ: 15ರಿಂದ 49 ವರ್ಷದ ಹೆಂಗಸರಲ್ಲಿ ಬಿಎಂಐ ಪ್ರಕಾರ ತೂಕ ಹೆಚ್ಚಿರುವವರು ಶೇ. 24, ಸೊಂಟ-ನಿತಂಬದ ಅನುಪಾತದ ಪ್ರಕಾರ ಅಪಾಯದ ಗೆರೆ ಮುಟ್ಟಿದವರು ಶೇ. 57. ಪ್ರಾಜೆಕ್ಟ್ ನಡೆಸುವವರಿಗೆ ಇದು ಅರ್ಥವಾಗುತ್ತದೆ. ತಪ್ಪು ಅಂಕಿ ನೋಡುತ್ತಾ ಕೂತರೆ ಡ್ಯಾಶ್‌ಬೋರ್ಡ್ ಕೊನೆಯವರೆಗೂ ಹಸಿರಾಗಿಯೇ ಇರುತ್ತದೆ, ಪ್ರಾಜೆಕ್ಟ್ ಮುಳುಗಿರುತ್ತದೆ. ಕನ್ನಡಿಯೂ ಸಿನಿಮಾ ಪೋಸ್ಟರೂ ಅಂಥ ಡ್ಯಾಶ್‌ಬೋರ್ಡುಗಳು.

ಆ ಪೋಸ್ಟರುಗಳು ಹೇಗೆ ತಯಾರಾಗುತ್ತವೆ ಅಂತ ನೋಡಬೇಕಾದರೆ ಸೂರತ್‌ಗೆ ಹೋಗಬೇಕು. ನನ್ನ ನಾದಿನಿ ಇರುವುದು ಅಲ್ಲೇ, ಹಾಗಾಗಿ ವರ್ಷಕ್ಕೆರಡು ಸಲ ರಿಂಗ್ ರೋಡಿನ ಜವಳಿ ಮಾರುಕಟ್ಟೆಗಳನ್ನು ಹತ್ತಿ ಇಳಿಯುತ್ತೇವೆ. ಒಂದೊಂದು ಕಟ್ಟಡದಲ್ಲೂ ಸಾಲುಸಾಲು ಗದ್ದಿಗಳು, ತಲೆಯ ಮೇಲೆ ಗಂಟು ಹೊತ್ತ ಹುಡುಗರು, ನೆಲಕ್ಕೆ ಹಾಸಿದ ಬಿಳಿ ಹಾಸಿಗೆಯ ಮೇಲೆ ಬಿಚ್ಚಿ ಬಿಸಾಡಿದ ಸೀರೆಗಳು. ಚಿಕ್ಕಪೇಟೆಯಲ್ಲೂ ನಮ್ಮ ದಾವಣಗೆರೆಯ ಅಂಗಡಿಯಲ್ಲೂ 'ಹೊಸ ಡಿಸೈನ್' ಅಂತ ಬರುವ ಸಿಂಥೆಟಿಕ್ ಸೀರೆಗಳಲ್ಲಿ ಬಹುಪಾಲು ಇಲ್ಲಿಂದಲೇ ಹೊರಟವು. ಇಲ್ಲಿ ಸೀರೆ ಮಾರುವುದು ಕ್ಯಾಟಲಾಗ್ ಲೆಕ್ಕದಲ್ಲಿ. ಒಂದು ಕ್ಯಾಟಲಾಗ್ ಅಂದರೆ ಆರೋ ಎಂಟೋ ಸೀರೆಯ ಸೆಟ್, ಪ್ರತಿಯೊಂದರ ಕವರಿನ ಮೇಲೂ ಅದನ್ನುಟ್ಟ ಮಾಡೆಲ್‌ನ ಫೋಟೋ.

ಒಬ್ಬ ವ್ಯಾಪಾರಿ ನಗುನಗುತ್ತಾ ನಮಗೆ ಗುಟ್ಟು ಬಿಟ್ಟುಕೊಟ್ಟರು. ಮಾಡೆಲ್ ತೊಟ್ಟ ಬ್ಲೌಸು ಅವಳ ಅಳತೆಯದ್ದಾಗಿರಬೇಕಿಲ್ಲ, ಬೆನ್ನ ಹಿಂದೆ ಕ್ಲಿಪ್ ಹಾಕಿ ಬಿಗಿ ಮಾಡಿರುತ್ತಾರೆ. ನೆರಿಗೆಗೆ ಪಿನ್ನು, ಸೊಂಟದ ಮಡಿಕೆಗೆ ಕಂಪ್ಯೂಟರ್. ಈಗ ಕೆಲವರಿಗೆ ಮಾಡೆಲೇ ಬೇಡವಂತೆ, ಸೀರೆಯ ಚಿತ್ರ ಕೊಟ್ಟರೆ ಕಂಪ್ಯೂಟರೇ ಹೆಂಗಸನ್ನೂ ಹುಟ್ಟಿಸಿ ಉಡಿಸುತ್ತದೆ. "ಉಸಿರು ಬಿಡೋದಿಲ್ಲ, ಊಟ ಕೇಳೋದಿಲ್ಲ" ಅಂದರು. ನಾದಿನಿ ಆ ಕವರನ್ನು ತಿರುಗಿಸಿ ನೋಡುತ್ತಾ, "ಅತ್ತಿಗೆ, ಇಷ್ಟು ದಿನ ಇವಳ ಹಾಗೆ ಕಾಣ್ಬೇಕು ಅಂತ ಬೆಳಗ್ಗೆ ಬಿಸಿನೀರಿಗೆ ನಿಂಬೆಹಣ್ಣು ಹಿಂಡ್ಕೊಂಡು ಕುಡಿದ್ನಲ್ಲ, ಇವಳೇ ಇಲ್ವಂತೆ" ಅಂದಳು. ಗದ್ದಿಯಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಸೀರೆಯನ್ನು ಮಾತ್ರ ಕೊಂಡಳು, ಚೆನ್ನಾಗಿತ್ತು.

ಸೀರೆಯ ತಪ್ಪೇನೂ ಇಲ್ಲ ಅನ್ನಿ. ಐದೂವರೆ ಮೀಟರ್ ಬಟ್ಟೆಗೆ ಸೈಜ್ ಅನ್ನುವುದೇ ಇಲ್ಲ. ಹದಿನೆಂಟರಲ್ಲಿ ಉಟ್ಟದ್ದನ್ನು ಎಪ್ಪತ್ತರಲ್ಲೂ ಉಡಬಹುದು, ನೆರಿಗೆ ಎರಡು ಕಮ್ಮಿಯಾದೀತು ಅಷ್ಟೆ. ರಾಣೆಬೆನ್ನೂರಿನ ನಮ್ಮಜ್ಜಿ ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ತೊಡುತ್ತಿದ್ದಳು. ಅದಕ್ಕೆ ಹುಕ್ಕಿಲ್ಲ, ಮುಂದೆ ಒಂದು ಗಂಟು. ಮೈ ತುಂಬಿದಾಗ ಗಂಟು ಸಡಿಲ, ಇಳಿದಾಗ ಬಿಗಿ. ಎಂಟು ಹೆತ್ತ ಆಕೆಗೆ ತನ್ನ ಸೊಂಟ ಎಷ್ಟಿಂಚು ಅಂತ ಕೊನೆಯವರೆಗೂ ಗೊತ್ತಿರಲಿಲ್ಲ. ಆ ಕಾಲವೇ ಚೆನ್ನಾಗಿತ್ತು ಅಂತ ಹೇಳುತ್ತಿಲ್ಲ. ಅಜ್ಜಿಗೆ ತನ್ನ ಬಿಪಿ ಎಷ್ಟು ಅಂತಲೂ ಗೊತ್ತಿರಲಿಲ್ಲ.

ಮೈಯ ಒಳಗೇನಾಗುತ್ತಿದೆ ಅಂತ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದು ವಡೋದರದಲ್ಲಿ. ಅಲ್ಲಿ ನನಗೊಬ್ಬರು ಅಕ್ಕ ಇದ್ದಾರೆ. ಒಡಹುಟ್ಟಿದವರಲ್ಲ, ಧಾರವಾಡದವರು. ಗಂಡನ ನೌಕರಿಯ ಜೊತೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಪ್ರಾಜೆಕ್ಟ್ ಕೆಲಸಕ್ಕೆ ವಡೋದರಕ್ಕೆ ಹೋದಾಗೆಲ್ಲ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿಗೆ ಅವರ ಮನೆಯೇ ಗತಿ.

ಒಂದು ಭಾನುವಾರ ಇಬ್ಬರೂ ಲಕ್ಷ್ಮೀ ವಿಲಾಸ ಅರಮನೆಯ ಆವರಣದಲ್ಲಿರುವ ಮ್ಯೂಸಿಯಮ್ಮಿಗೆ ಹೋಗಿದ್ದೆವು. ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡರು ರವಿವರ್ಮನಿಂದ ಬರೆಸಿದ ಚಿತ್ರಗಳು ಅಲ್ಲಿವೆ. ನಮ್ಮ ಅಜ್ಜಿಯರ ದೇವರ ಮನೆಗೆ ಕ್ಯಾಲೆಂಡರ್ ಆಗಿ, ಗಾಜಿನ ಚೌಕಟ್ಟಾಗಿ ಬಂದ ಲಕ್ಷ್ಮಿ, ಸರಸ್ವತಿಯರೆಲ್ಲ ಅವನು 1894ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಮುದ್ರಣಾಲಯದ ವಂಶದವರೇ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವನ ಚಿತ್ರಗಳನ್ನು ನೀವು ನೋಡಿರುತ್ತೀರಿ. ತುಂಬಿದ ತೋಳು, ದುಂಡು ಮುಖ, ಕತ್ತಿನಲ್ಲಿ ಗೆರೆ. ಅಕ್ಕ ಬಹಳ ಹೊತ್ತು ನೋಡಿ, "ಇವರೆಲ್ಲಾ ಈಗ ಇದ್ರ ಹೀರೋಯಿನ್ ಆಗತಿರಲಿಲ್ಲ ಬಿಡು, ಹೀರೋನ ಅವ್ವ ಆಗತಿದ್ರು" ಅಂದರು.

ಹಳೆಯ ಕವಿಗಳು ಹೊಟ್ಟೆಯ ಮೇಲಿನ ಮೂರು ಮಡಿಕೆಗೆ ತ್ರಿವಳಿ ಅಂತ ಹೆಸರಿಟ್ಟು ಹೊಗಳಿದ್ದು ನೆನಪಾಯಿತು. ಈಗ ಫೋಟೋದಿಂದ ಮೊದಲು ಅಳಿಸುವುದು ಅದನ್ನೇ. ಹಾಗಂತ ಹಳೆಯವರೆಲ್ಲ ಉದಾರಿಗಳೇನಲ್ಲ, ಬಡನಡು ಬೇಕು ಅಂದವರೂ ಅದೇ ಕವಿಗಳು. ಬೇಲೂರಿನಲ್ಲಿ ಕನ್ನಡಿ ಹಿಡಿದು ನಿಂತ ಚೆಲುವೆಯನ್ನು ನಾವು ಕರೆಯುವುದು ಶಿಲಾಬಾಲಿಕೆ ಅಂತ, ಬಾಲಿಕೆಯೇ. ಒಂಬೈನೂರು ವರ್ಷವಾದರೂ ಅವಳಿಗೆ ನಲವತ್ತಾಗಿಲ್ಲ. ಪ್ರತಿ ಕಾಲಕ್ಕೂ ಅದರದೇ ಟೇಪು ಇತ್ತು. ಈಗಿನದು ಮಾತ್ರ ಜೇಬಿನ ಫೋನಿನಲ್ಲಿ ದಿನಕ್ಕೆ ನೂರು ಸಲ ಸೊಂಟಕ್ಕೆ ಬಂದು ಸುತ್ತಿಕೊಳ್ಳುತ್ತದೆ.

ಅವತ್ತು ಮ್ಯೂಸಿಯಮ್ಮಿನಲ್ಲಿ ಅಕ್ಕ ಎರಡು ಕಡೆ ಕೂತು ಸುಧಾರಿಸಿಕೊಂಡರು. ಅವರ ಹೊಟ್ಟೆ ಆಗಲೇ ಮುಂದೆ ಬಂದಿತ್ತು. ವಯಸ್ಸು 48. ನೆರೆಹೊರೆಯವರು "ಮೆನೋಪಾಸ್ ಹೊಟ್ಟೆ" ಅಂದರು, ಊರಿನಿಂದ ಬಂದ ನೆಂಟರು "ಗುಜರಾತಿನ ಸಿಹಿ ಬೇಳೆ ಮೈಗೆ ಹಿಡಿದಿದೆ" ಅಂದರು. ಯಾರೋ ಒಬ್ಬ ಹಿಂದಿ ನಟಿಯ ಡಯಟ್ ಅಂತ ವಾಟ್ಸಪ್ಪಿನಲ್ಲಿ ಬಂದದ್ದನ್ನು ಅಕ್ಕ ಶುರು ಮಾಡಿದರು. ರಾತ್ರಿ ಊಟ ಬಿಟ್ಟರು. ದಿನಾ ಬೆಳಗ್ಗೆ ಕಮಾಟಿ ಬಾಗ್‌ನಲ್ಲಿ ನಾಲ್ಕು ಸುತ್ತು ನಡೆದರು. ತೋಳು ಸಣ್ಣಗಾಯಿತು, ಕೆನ್ನೆ ಒಳಗೆ ಹೋಯಿತು. "ಚೆಂದ ಕಾಣ್ತೀರಿ" ಅಂತ ಜನ ಹೇಳಿದರು. ಹೊಟ್ಟೆ ಮಾತ್ರ ಹಾಗೇ ಇತ್ತು. ರಾಜ್ಯೋತ್ಸವದ ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿಗೆ ಹೋಗಿ ನಿಂತರು. ಮುಂದಿನ ನವರಾತ್ರಿಯಲ್ಲಿ ಎರಡು ಸುತ್ತು ಗರ್ಬಾ ಆಡಿ ದಮ್ಮು ಹತ್ತಿ ಕೂತಾಗ, ತೂಕ ಇಳಿಸಬೇಕು ಅಂತ ಪಕ್ಕದವರು ನಕ್ಕರಂತೆ.

ದೀಪಾವಳಿ ರಜೆಗೆ ಹಾಸ್ಟೆಲಿನಿಂದ ಬಂದ ಮಗಳು ಅಮ್ಮನ ಉಗುರು ಬಿಳಿಚಿಕೊಂಡದ್ದು ನೋಡಿ ಲ್ಯಾಬಿಗೆ ಎಳೆದುಕೊಂಡು ಹೋದಳು. ಹೆಂಗಸರಿಗೆ 12 ಇರಬೇಕಾದ ಹಿಮೋಗ್ಲೋಬಿನ್ 6.8 ಇತ್ತು. ಸ್ಕ್ಯಾನಿಂಗ್ ಮಾಡಿದಾಗ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಗಳು. ಗರ್ಭಕೋಶ ಐದು ತಿಂಗಳ ಬಸಿರಿನಷ್ಟು ದೊಡ್ಡದಾಗಿತ್ತು. ಇವು ಸಾಮಾನ್ಯವಾಗಿ ಕ್ಯಾನ್ಸರ್ ಗಡ್ಡೆಗಳಲ್ಲ, ಮೂವತ್ತು ನಲವತ್ತರ ಹೆಂಗಸರಲ್ಲಿ ತುಂಬಾ ಸಾಮಾನ್ಯ. ಆದರೆ ತಿಂಗಳು ತಿಂಗಳೂ ವಿಪರೀತ ರಕ್ತ ಹೋಗಿ ಹೋಗಿ ಅಕ್ಕ ಒಳಗೇ ಬರಿದಾಗಿದ್ದರು. ಆ ಬರಿದಾದ ಮೈಯ ಮೇಲೆ ಉಪವಾಸ, ನಡಿಗೆ. ರಕ್ತ ಕೊಟ್ಟು, ಆಮೇಲೆ ಆಪರೇಷನ್ ಮಾಡಿದರು. ತಡವಾಗಿದ್ದರೆ ಹೃದಯದ ಮೇಲೆ ಹೊಡೆತ ಬೀಳುತ್ತಿತ್ತು ಅಂದರಂತೆ ಡಾಕ್ಟರು.

ನೋಡಲು ಹೋದಾಗ ಅಕ್ಕ ದಿಂಬಿಗೆ ಒರಗಿ ಕೂತಿದ್ದರು. "ಹೊಟ್ಟಿ ಕರಗಲಿ ಅಂತ ಎಂಟು ತಿಂಗಳು ಅಡ್ಡಾಡೇನಿ ನೋಡು ತಂಗಿ. ಕರಗೂದು ಕೊಬ್ಬು. ಇದು ಕೊಬ್ಬೇ ಅಲ್ಲಂದ್ರ ಹೆಂಗ ಕರಗತೈತಿ?" ಅಂದರು.

"ರಕ್ತ ಹಂಗ ಹೋಗೋದು ಯಾರಿಗೂ ಹೇಳ್ಲಿಲ್ಲೇನ್ರಿ ಅಕ್ಕಾ?"

"ಯಾರ ಮುಂದ ಹೇಳ್ಲಿ? ಹೊಟ್ಟಿ ಬಗ್ಗೆ ಎಲ್ಲಾರೂ ಮಾತಾಡಿದ್ರು. ಅದನ್ನ ಯಾರೂ ಕೇಳಲಿಲ್ಲ."

ಈ ಮಾತು ನನ್ನನ್ನು ಬಿಟ್ಟಿಲ್ಲ. ಎರಡು ವರ್ಷ ಇಡೀ ಬಳಗ ಆಕೆಯ ಹೊಟ್ಟೆ ನೋಡಿತು. ನೋಡಿ ನಕ್ಕವರು ನಕ್ಕರು, ಸಮಾಧಾನ ಹೇಳಿದವರು ಹೇಳಿದರು. ಚೆಂದದ ಟೇಪಿನಲ್ಲಿ ಅಳೆದ ಕಣ್ಣಿಗೆ ಅದು ಕೊಬ್ಬಾಗಿ ಕಂಡಿತು, ಕನಿಕರದ ಕಣ್ಣಿಗೆ ವಯಸ್ಸಾಗಿ ಕಂಡಿತು. ಕಾಯಿಲೆಯಾಗಿ ಯಾರ ಕಣ್ಣಿಗೂ ಕಾಣಲಿಲ್ಲ. ಅದೇ ಆರೋಗ್ಯ ಸಮೀಕ್ಷೆಯ ಇನ್ನೊಂದು ಅಂಕಿ ಹೇಳುತ್ತೇನೆ: 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ಇರುವವರು ದೇಶದಲ್ಲಿ ಶೇ. 57, ಗುಜರಾತಿನಲ್ಲಿ ಶೇ. 65. ಗರ್ಬಾ ಮೈದಾನದಲ್ಲಿ ಸುತ್ತುತ್ತಿರುವ ಮೂವರಲ್ಲಿ ಇಬ್ಬರಿಗೆ ರಕ್ತ ಸಾಲದು, ನಮಗೆ ಮಾತ್ರ ಅವರ ಚೋಲಿ ಬಿಗಿಯಾದದ್ದು ಕಾಣುತ್ತದೆ.

ಈ ಟೇಪಿನ ಬಿಗಿತ ಈಗ ಆಪರೇಷನ್ ಟೇಬಲ್ಲಿನವರೆಗೂ ಹೋಗಿದೆ. 2022ರ ಮೇ ತಿಂಗಳಲ್ಲಿ ಕನ್ನಡ ಧಾರಾವಾಹಿಗಳಲ್ಲಿ ನಟಿಸುತ್ತಿದ್ದ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾಗಿ ತೀರಿಕೊಂಡರು. ವಯಸ್ಸು 21. ಅವರ ಫೋಟೋಗಳನ್ನು ಆಗ ಎಲ್ಲರೂ ನೋಡಿದೆವು, ಎಲ್ಲಿತ್ತು ಕೊಬ್ಬು ಅಂತ ಎಲ್ಲರೂ ಕೇಳಿದೆವು. 2025ರಲ್ಲಿ ತೂಕ ಇಳಿಸುವ ಇಂಜೆಕ್ಷನ್‌ಗಳು ಭಾರತಕ್ಕೂ ಬಂದವು, ಮಾರ್ಚ್‌ನಲ್ಲಿ ಮೌಂಜಾರೋ, ಜೂನ್‌ನಲ್ಲಿ ವಿಗೋವಿ. ಸಕ್ಕರೆ ಕಾಯಿಲೆ, ಸ್ಥೂಲಕಾಯ ಇರುವವರಿಗೆ ಅವು ನಿಜವಾಗಿ ಒಳ್ಳೆಯ ಔಷಧಿ, ಡಾಕ್ಟರ ಕಣ್ಗಾವಲಿನಲ್ಲಿ ತೆಗೆದುಕೊಳ್ಳಬೇಕಾದವು. ಆದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ನಡುವಯಸ್ಸಿನಲ್ಲಿ ಮೊದಲೇ ಕರಗುತ್ತಿರುವ ಸ್ನಾಯುವನ್ನು ಮಗಳ ಮದುವೆಯ ಫೋಟೋಗಾಗಿ ಇನ್ನಷ್ಟು ಕರಗಿಸಿಕೊಳ್ಳುವುದು ಯಾವ ಲೆಕ್ಕ? ಆಫೀಸಿನ ಊಟದ ಮೇಜಿನಲ್ಲಿ ಈ ಇಂಜೆಕ್ಷನ್ನಿನ ಮಾತು ಬಂದಾಗ ಬೆಲೆಯನ್ನು ಎಲ್ಲರೂ ಕೇಳುತ್ತಾರೆ, ಯಾರಿಗೆ ಯಾಕೆ ಬೇಕು ಅಂತ ಕೇಳುವವರು ಕಡಿಮೆ.

ತಮಾಷೆಯೆಂದರೆ ಇದಕ್ಕೆಲ್ಲ ಉತ್ತರ ಆ ಗರ್ಬಾ ಮೈದಾನದಲ್ಲೇ ಇದೆ. ಗರ್ಬಾ ಅನ್ನುವ ಹೆಸರು ಬಂದದ್ದೇ ಗರ್ಭದಿಂದ. ನಡುವೆ ಇಡುವುದು ಒಂದು ಮಣ್ಣಿನ ಮಡಕೆ, ಮೈಯೆಲ್ಲ ತೂತು, ಒಳಗೆ ದೀಪ. ಹೊಟ್ಟೆ ತುಂಬಿದ ದುಂಡು ಮಡಕೆ. 2023ರ ಡಿಸೆಂಬರ್‌ನಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಆ ಮಡಕೆಯ ಸುತ್ತಿನ ಕುಣಿತವನ್ನು. ಮಡಕೆಗೆ ಸೊಂಟ ಸಣ್ಣ ಮಾಡಿಕೊಂಡು ಬಾ ಅಂತ ಯಾರೂ ಹೇಳಿಲ್ಲ. ಇನ್ನು ಗರ್ಬಾದ ರಾಣಿ ಅಂತ ಗುಜರಾತಿಗಳೆಲ್ಲ ತಲೆಯ ಮೇಲಿಟ್ಟುಕೊಂಡ ಫಾಲ್ಗುಣಿ ಪಾಠಕ್ ಅವರನ್ನು ನೋಡಿ. ಸಾವಿರಾರು ಜನ ಬಣ್ಣಬಣ್ಣದ ಚಣಿಯಾ ಚೋಲಿಯಲ್ಲಿ ಸುತ್ತುತ್ತಿರುವಾಗ ವೇದಿಕೆಯ ಮೇಲೆ ಆಕೆ ಅಂಗಿ, ಪ್ಯಾಂಟು ತೊಟ್ಟು, ಗಿಡ್ಡ ಕೂದಲಲ್ಲಿ ಹಾಡುತ್ತಾರೆ. 1990ರ ದಶಕದಿಂದಲೂ ಹೀಗೆಯೇ. ಅವರ ಸೊಂಟದ ಅಳತೆ ಎಷ್ಟು ಅಂತ ಯಾರಾದರೂ ಕೇಳಿದ್ದು ನಾನು ಕೇಳಿಲ್ಲ. ದನಿ ಶುರುವಾದರೆ ಮೈದಾನ ಸುತ್ತತೊಡಗುತ್ತದೆ, ಅಷ್ಟೇ. ಟೇಪು ಹಿಡಿಯದೆಯೂ ಒಬ್ಬ ಹೆಂಗಸನ್ನು ತಾರೆ ಮಾಡುವುದು ನಮ್ಮ ಜನಕ್ಕೆ ಗೊತ್ತಿದೆ ಅಂತಾಯಿತು.

ಹಾಗಾದರೆ ಏನು ಮಾಡೋಣ? ನಮ್ಮ ಸೊಸೈಟಿಯ ನಾಲ್ಕೈದು ಹೆಂಗಸರು ಈಗ ವಾರಕ್ಕೆ ಮೂರು ದಿನ ಕ್ಲಬ್‌ಹೌಸಿನಲ್ಲಿ ಡಂಬೆಲ್ ಎತ್ತುತ್ತೇವೆ. ಒಬ್ಬ ಮರಾಠಿ, ಇಬ್ಬರು ಗುಜರಾತಿ, ಒಬ್ಬ ಮಲಯಾಳಿ, ನಾನು. ಕನ್ನಡಿ ಇಲ್ಲದ ಗೋಡೆಯ ಕಡೆ ಮುಖ ಮಾಡಿ. ಬೇಳೆ, ಮೊಸರು, ಮೊಳಕೆಕಾಳು ತಟ್ಟೆಯಲ್ಲಿ ಸ್ವಲ್ಪ ಜಾಸ್ತಿ. ಸೊಂಟವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡುತ್ತೇವೆ, ಸಕ್ಕರೆ ಮತ್ತು ಬಿಪಿಯ ಪಕ್ಕದ ಕಾಲಮ್ಮಿನಲ್ಲಿ. ಅಂಕಿ ಏರಿದರೆ ಡಾಕ್ಟರಿಗೆ ತೋರಿಸಲು, ಯಾರಿಗೂ ಉತ್ತರ ಕೊಡಲು ಅಲ್ಲ. ಹೊಟ್ಟೆ ಉಬ್ಬಿಕೊಂಡೇ ಇದ್ದರೆ, ಮುಟ್ಟು ವಿಪರೀತವಾದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾದರೆ "ವಯಸ್ಸು" ಅಂದು ಸುಮ್ಮನಾಗಬಾರದು ಅನ್ನುವುದು ನಮ್ಮಲ್ಲಿ ಆಗಿರುವ ಒಪ್ಪಂದ.

ವಡೋದರದ ಅಕ್ಕ ಈಗ ಮೆಟ್ಟಿಲು ಹತ್ತಿದರೂ ದಮ್ಮು ಹತ್ತುವುದಿಲ್ಲವಂತೆ. ಹಿಮೋಗ್ಲೋಬಿನ್ 12.1. "ಹೊಟ್ಟಿ ಇನ್ನೂ ಸ್ವಲ್ಪ ಐತಿ. ಇರ್ಲಿ ಬಿಡು, ಈಗಿಂದು ನನ್ನ ಸ್ವಂತದ್ದು" ಅಂತ ಫೋನಿನಲ್ಲಿ ನಕ್ಕರು.

ಊರಿನಿಂದ ದೂರ ಇರುವ ನಾವೆಲ್ಲ ಭಾನುವಾರ ಅಮ್ಮನಿಗೆ, ಅಕ್ಕನಿಗೆ, ಅತ್ತಿಗೆಗೆ ವಿಡಿಯೋ ಕಾಲ್ ಮಾಡುತ್ತೇವಲ್ಲ, ತೆರೆಯ ಮೇಲೆ ಮುಖ ಕಂಡ ತಕ್ಷಣ ದಪ್ಪ ಆಗಿದ್ದೀಯ, ಸಣ್ಣ ಆಗಿದ್ದೀಯ ಅನ್ನುವ ಮಾತು ನಾಲಿಗೆಯ ತುದಿಗೆ ಬರುತ್ತದೆ. ಈ ವಾರ ಅದನ್ನು ನುಂಗಿಕೊಂಡು ಬೇರೊಂದು ಪ್ರಶ್ನೆ ಕೇಳಿ ನೋಡಿ. ಹಿಮೋಗ್ಲೋಬಿನ್ ಎಷ್ಟಿದೆ, ಕೊನೆಯ ಸಲ ಯಾವಾಗ ನೋಡಿಸಿದ್ದು? ಮೊದಲು ನಗುತ್ತಾರೆ, ಆಮೇಲೆ "ನನಗೇನಾಗಿದೆ, ಚೆನ್ನಾಗೇ ಇದ್ದೀನಿ" ಅನ್ನುತ್ತಾರೆ. ಫೋನ್ ಇಡಬೇಡಿ. ಇನ್ನೊಂದು ಸಲ ಕೇಳಿ.